ಈಚಲ ಮರದಿಂದ ಕಾರಖಾನೆಯ ಶೀಸೆಗೆ

(ಉಪಾಧ್ಯಾಯರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಾನದೋಷವನ್ನು ಕುರಿತು ನಮ್ಮ ನಾಡಿನಲ್ಲಿ ಆಗಿರುವಷ್ಟು ಉಪದೇಶವು ಬೇರೆ ಯಾವ ವಿಷಯದ ಮೇಲೂ ಆಗಿರಲಾರದು. ಪುರಾಣಿಕರು ಹೇಳಿದರು, ಶರಣರು ಹೇಳಿದರು, ದಾಸರು ಹೇಳಿದರು. ಕೊನೆಗೆ ಗಾಂಧೀಜಿಯವರೂ ಹೇಳಿದರು. ಕೇಳಿದವರು ತಲೆದೂಗಿದರು, ಕುಡಿಯುವವರು ಕುಡಿಯುತ್ತಲೇ ಇದ್ದರು. ಆದ್ದರಿಂದ ಅದೇ ಉಪದೇಶವನ್ನು ಮತ್ತೊಮ್ಮೆ ಒಪ್ಪಿಸುವದಕ್ಕಾಗಿ ನಾವು ಇಂದು ನಿಮ್ಮೆದುರು ನಿಂತಿಲ್ಲ. ನಾವು ವಕೀಲಿ ವೃತ್ತಿಯವರು. ಕಾಗದಪತ್ರಗಳನ್ನು ನೋಡಿ ಲೆಕ್ಕ ಕೇಳುವದು ನಮಗೆ ರೂಢಿ. ಈ ವಿಷಯದಲ್ಲಿಯೂ ನಾವು ಲೆಕ್ಕವನ್ನೇ ಕೇಳಬಯಸುತ್ತೇವೆ.

ನಮ್ಮ ಅಜ್ಜಂದಿರ ಕಾಲದ ಕುಡುಕನು ಕುಡಿಯುತ್ತಿದ್ದುದು ಒಂದು. ಇಂದಿನವನು ಕುಡಿಯುವದು ಇನ್ನೊಂದು. ಈ ಬದಲಾವಣೆಯು ಹೇಗಾಯಿತು? ಜನರ ರುಚಿ ಬದಲಾಯಿತು, ಕಾಲ ಕೆಟ್ಟಿತು ಎಂದು ಹೇಳಿ ಸುಮ್ಮನಾಗುವವರು ಬಹಳ ಮಂದಿ. ಆದರೆ ಅಬಕಾರಿ ಕಾಯಿದೆಗಳ ಇತಿಹಾಸವನ್ನು ತೆರೆದು ನೋಡಿದವರಿಗೆ ಬೇರೊಂದು ಸಂಗತಿ ಕಾಣುತ್ತದೆ. ಬಡವನು ಏನನ್ನು ಕುಡಿಯಬೇಕೆಂಬದನ್ನು ಕಳೆದ ನೂರೈವತ್ತು ವರ್ಷಗಳಲ್ಲಿ ಬಡವನ ನಾಲಗೆಯು ನಿರ್ಣಯಿಸಿಲ್ಲ. ಸರಕಾರದ ಬೊಕ್ಕಸವು ನಿರ್ಣಯಿಸಿದೆ. ಇದೊಂದು ಮಾತನ್ನು ನಿಮ್ಮ ಮನಸ್ಸಿಗೆ ತಂದುಕೊಟ್ಟರೆ ನಮ್ಮ ಇಂದಿನ ಕೆಲಸವು ತೀರಿತು.

ಮೊದಲು ಹಳೆಯ ಪಾನೀಯವನ್ನು ನೋಡೋಣ. ಬಯಲುಸೀಮೆಯಲ್ಲಿ ಹಳ್ಳದ ದಂಡೆಯ ಈಚಲ ಮರದಿಂದ ಸೇಂದಿ ಇಳಿಯುತ್ತಿತ್ತು. ಕರಾವಳಿಯಲ್ಲಿ ತೆಂಗು ತಾಳೆಗಳಿಂದ ಕಳ್ಳು ಇಳಿಯುತ್ತಿತ್ತು. ಈಡಿಗರು, ಬಿಲ್ಲವರು, ದೀವರು ಮೊದಲಾದ ಸಮಾಜಗಳ ಜನರು ಮರ ಹತ್ತಿ, ಗಡಿಗೆ ಕಟ್ಟಿ, ಬೆಳಿಗ್ಗೆ ಸಂಜೆ ಇಳಿಸಿ ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಈ ಕಳ್ಳಿಗೆ ಒಂದು ಗುಣವಿತ್ತು. ಮುಂಜಾನೆ ಸಿಹಿ, ಮಧ್ಯಾಹ್ನ ಹುಳಿ, ಮರುದಿನ ಬಾಯಿಗಿಡಲು ಬಾರದು. ಹೀಗೆ ಒಂದೇ ದಿನದಲ್ಲಿ ಕೆಡುವ ವಸ್ತುವನ್ನು ಕೂಡಿಡುವದು ಹೇಗೆ? ದೂರದ ಊರಿಗೆ ಕಳಿಸುವದು ಹೇಗೆ? ಆದಕಾರಣ ಆ ವ್ಯಾಪಾರವು ಊರ ಗಡಿಯನ್ನು ದಾಟಿ ದೊಡ್ಡದಾಗಲಿಲ್ಲ. ಅದರಲ್ಲಿ ಮದ್ಯಸಾರದ ಅಂಶವು ನೂರಕ್ಕೆ ಸುಮಾರು ನಾಲ್ಕರಿಂದ ಆರು ಭಾಗ ಮಾತ್ರ. ಕಳ್ಳು ಅಮೃತವಾಗಿತ್ತೆಂದು ನಾವು ಹೇಳುತ್ತಿಲ್ಲ; ಅದು ಮನೆ ಮುರಿದ ಉದಾಹರಣೆಗಳೂ ಉಂಟು. ಆದರೆ ಅದಕ್ಕೆ ಪ್ರಕೃತಿಯೇ ಒಂದು ಕಟ್ಟು ಹಾಕಿತ್ತೆಂಬದನ್ನು ಮರೆಯಬಾರದು.

ಕಟ್ಟು ಹರಿದುದು ಬ್ರಿಟಿಷರ ಅಬಕಾರಿ ಪದ್ಧತಿಯಿಂದ. ಮುಂಬಯಿ ಪ್ರಾಂತದಲ್ಲಿ ೧೮೭೮ರ ಕಾಯಿದೆ ಬಂದಿತು, ಮದ್ರಾಸಿನಲ್ಲಿ ೧೮೮೬ರದು, ಮೈಸೂರು ಸಂಸ್ಥಾನದಲ್ಲಿ ೧೯೦೧ರದು. ನಿಜಾಮರ ರಾಜ್ಯಕ್ಕೆ ಅದರದೇ ಅಬಕಾರಿ; ಕೊಡಗಿಗೆ ಬೇರೆಯೇ ಏರ್ಪಾಡು. ಕನ್ನಡ ನಾಡು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದಿತು. ಕಾಯಿದೆಯ ಭಾಷೆ ಒಂದೊಂದು ಕಡೆಗೆ ಒಂದೊಂದು ಬಗೆಯಾಗಿದ್ದಿತು. ಆದರೆ ಅದರ ಆಶಯ ಮಾತ್ರ ಎಲ್ಲೆಡೆಗೂ ಒಂದೇ. ಮರ ಇಳಿಸುವವನು ಮರಕ್ಕೆ ತೆರಿಗೆ ಕೊಡಬೇಕು. ಊರ ಭಟ್ಟಿಗಳು ಮುಚ್ಚಬೇಕು. ಸಾರಾಯಿಯನ್ನು ಸರಕಾರದ ಕಣ್ಣೆದುರಿನ ಕೇಂದ್ರ ಭಟ್ಟಿಯಲ್ಲಿ ಮಾತ್ರ ಇಳಿಸಬೇಕು. ಮಾರುವ ಹಕ್ಕನ್ನು ಲಿಲಾವಿನಲ್ಲಿ ಹೆಚ್ಚಿಗೆ ಕೂಗಿದವನಿಗೆ ಕೊಡಬೇಕು. ಇದರ ಮರ್ಮವು ಸರಳವಾದುದು. ನೂರು ಊರುಗಳ ಸಾವಿರ ಗಡಿಗೆಗಳನ್ನು ಎಣಿಸಿ ತೆರಿಗೆ ಎತ್ತುವದು ಕಷ್ಟ. ಒಂದು ಭಟ್ಟಿಯ ಬಾಗಿಲಲ್ಲಿ ಕುಳಿತು ಪೀಪಾಯಿಗಳನ್ನು ಎಣಿಸುವದು ಸುಲಭ. ಕಳ್ಳು ಲೆಕ್ಕಕ್ಕೆ ಸಿಕ್ಕುವದಿಲ್ಲ, ಸಾರಾಯಿ ಸಿಕ್ಕುತ್ತದೆ. ಮೆದುವಾದ ಪಾನೀಯವು ಹಿಂದೆ ಸರಿದು ತೀಕ್ಷ್ಣವಾದುದು ಮುಂದೆ ಬಂದ ಕಥೆಯ ಮೊದಲ ಅಧ್ಯಾಯವು ಇದೇ.

ಇದೇ ಕಾಲಕ್ಕೆ ಬೆಂಗಳೂರಿನ ದಂಡಿನಲ್ಲಿ ಮತ್ತೊಂದು ಮಾರುಕಟ್ಟೆಯು ಬೆಳೆಯುತ್ತಲಿದ್ದಿತು. ಗೋರಾ ಸಿಪಾಯಿಗಳಿಗೆ ಬೀರು ಬೇಕು. ಅದನ್ನು ಒದಗಿಸಲು ಬೆಂಗಳೂರು ನೀಲಗಿರಿಗಳ ಕಡೆಗೆ ಸಣ್ಣ ಸಣ್ಣ ಕಾರಖಾನೆಗಳು ಹುಟ್ಟಿದ್ದವು. ೧೯೧೫ರಲ್ಲಿ ಇಂಥ ಐದನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಕಂಪನಿಯನ್ನು ಸ್ಥಾಪಿಸಲಾಯಿತು. ಅಂದು ಅದರ ಗಿರಾಕಿ ಗೋರಾ ಸಿಪಾಯಿ. ಸಿಪಾಯಿಯು ಹಡಗು ಹತ್ತಿ ಹೋದನು. ಬೀರು ಇಲ್ಲಿಯೇ ಉಳಿಯಿತು.

ಈ ಪದ್ಧತಿಯನ್ನು ನಮ್ಮ ಜನರು ಬಾಯಿ ಮುಚ್ಚಿಕೊಂಡು ಸಹಿಸಲಿಲ್ಲವೆಂಬದು ಅಭಿಮಾನದ ಸಂಗತಿ. ೧೯೨೧ರ ಜುಲೈ ೧ರಂದು ಧಾರವಾಡದಲ್ಲಿ ಸೆರೆಯ ಅಂಗಡಿಯ ಮುಂದೆ ಖಿಲಾಫತ್ ಮತ್ತು ಕಾಂಗ್ರೆಸ್ಸಿನ ಸ್ವಯಂಸೇವಕರು ಪಿಕೆಟಿಂಗು ನಡೆಸಿದಾಗ ಪೋಲೀಸರು ಗುಂಡು ಹಾರಿಸಿದರು. ಮೂವರು ಪ್ರಾಣ ಬಿಟ್ಟರು, ಅನೇಕರು ಗಾಯಗೊಂಡರು. ಅಸಹಕಾರದ ದಿನಗಳಲ್ಲಿ ಕರ್ನಾಟಕದ ನೆಲದ ಮೇಲೆ ಬಿದ್ದ ಈ ರಕ್ತವು ಒಂದು ಸೆರೆಯಂಗಡಿಯ ಎದುರಿಗೆ ಬಿದ್ದಿತೆಂಬದನ್ನು ನಾವು ಎಂದಿಗೂ ಮರೆಯಬಾರದು. ಹದಿನೆಂಟು ವರ್ಷಗಳ ತರುವಾಯ, ೧೯೩೯ರಲ್ಲಿ, ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದರು. ಆ ಹೋರಾಟದ ಮುಂದಾಳುಗಳಲ್ಲಿ ವಕೀಲರಾದ ಎಸ್. ನಿಜಲಿಂಗಪ್ಪನವರೂ ಒಬ್ಬರು. ಈ ಹೆಸರನ್ನು ನೆನಪಿನಲ್ಲಿಡಿರಿ. ಮುಂದೆ ಮತ್ತೆ ಬರುತ್ತದೆ.

ಉಪಾಧ್ಯಾಯ ಬಂಧುಗಳೇ, ಈಗ ನಿಮಗೆ ನೇರವಾಗಿ ಸಂಬಂಧಿಸಿದ ಸಂಗತಿಗೆ ಬರುತ್ತೇವೆ. ೧೯೧೯ರ ಸುಧಾರಣೆಗಳಿಂದ ಪ್ರಾಂತಗಳ ದೇಶೀ ಮಂತ್ರಿಗಳಿಗೆ ಕೆಲವು ಖಾತೆಗಳು ದೊರೆತವು. ಅವುಗಳಲ್ಲಿ ವಿದ್ಯಾಖಾತೆಯೂ ಇತ್ತು, ಅಬಕಾರಿಯೂ ಇತ್ತು. ಅಂದರೆ, ಶಾಲೆ ತೆರೆಯಬೇಕೆಂದ ಮಂತ್ರಿಯು ಹಣಕ್ಕಾಗಿ ಸೆರೆಯಂಗಡಿಯ ಕಡೆಗೆ ನೋಡಬೇಕಾಯಿತು. ಮಕ್ಕಳ ವಿದ್ಯೆಗೆ ಹೆಂಡದ ಹಣವೇ ಗತಿಯಾದ ಈ ದುರವಸ್ಥೆಯನ್ನು ಗಾಂಧೀಜಿಯವರು ೧೯೩೭ರಲ್ಲಿ ಕಟುವಾಗಿ ಎತ್ತಿ ತೋರಿಸಿದರು; ದುಡಿಮೆಯ ಮೂಲಕ ತನ್ನ ವೆಚ್ಚವನ್ನು ತಾನೇ ಹೊರುವ ಶಾಲೆಯ ಯೋಜನೆಯು ವಾರ್ಧಾದಲ್ಲಿ ರೂಪುಗೊಂಡುದರ ಹಿಂದೆ ಈ ಚಿಂತೆಯೂ ಇದ್ದಿತು. ಅದೇ ವರ್ಷ ಅಕ್ಟೋಬರ ೧ರಂದು ರಾಜಾಜಿಯವರ ಮಂತ್ರಿಮಂಡಲವು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದಿತು. ನಷ್ಟವಾದ ಉತ್ಪನ್ನವನ್ನು ತುಂಬಿಕೊಳ್ಳಲು ೧೯೩೯ರಲ್ಲಿ ಮಾರಾಟ ತೆರಿಗೆಯ ಕಾಯಿದೆಯನ್ನು ಮಾಡಿತು. ಇದನ್ನು ವಿಶೇಷವಾಗಿ ಗಮನಿಸಿರಿ. ಒಂದು ದಾರಿಯನ್ನು ಮುಚ್ಚಬೇಕೆಂದ ಆ ಮಂತ್ರಿಗಳು ಮೊದಲು ಮಾಡಿದುದು ಪರ್ಯಾಯ ಉತ್ಪನ್ನದ ಯೋಚನೆ. ಆಗ ಹುಟ್ಟಿದ ಮಾರಾಟ ತೆರಿಗೆಯು ಉಳಿದುಕೊಂಡಿತು, ಬೆಳೆಯಿತು, ಇತರ ಪ್ರಾಂತಗಳಿಗೂ ಹಬ್ಬಿತು. ಯಾವುದನ್ನು ನಿಲ್ಲಿಸಲೆಂದು ಅದು ಹುಟ್ಟಿತೋ ಆ ಮದ್ಯದ ಉತ್ಪನ್ನವೂ ಮರಳಿ ಬಂದು ಅದರ ಪಕ್ಕದಲ್ಲಿಯೇ ಕುಳಿತಿತು!

ಸ್ವರಾಜ್ಯವು ಬಂದಿತು. ೧೯೫೦ರ ರಾಜ್ಯಾಂಗದ ೪೭ನೆಯ ಕಲಮಿನಲ್ಲಿ, ಔಷಧದ ಉಪಯೋಗವೊಂದನ್ನು ಬಿಟ್ಟು ಮಾದಕ ಪಾನೀಯಗಳನ್ನು ನಿಷೇಧಿಸಲು ಸರಕಾರವು ಯತ್ನಿಸತಕ್ಕದ್ದೆಂಬ ನಿರ್ದೇಶವನ್ನು ಬರೆಯಲಾಯಿತು. ೧೯೫೬ರಲ್ಲಿ ಕನ್ನಡ ನಾಡು ಒಂದಾಯಿತು. ಒಂದಾದ ನಾಡಿನ ಸ್ಥಿತಿಯಾದರೂ ಏನು? ಮುಂಬಯಿ ಮತ್ತು ಮದ್ರಾಸು ಪ್ರಾಂತಗಳಿಂದ ಬಂದ ಜಿಲ್ಲೆಗಳಲ್ಲಿ ಪಾನನಿರೋಧ. ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ತೆರೆದ ಅಂಗಡಿ. ಒಂದೇ ರಾಜ್ಯದಲ್ಲಿ ಒಂದು ಕಡೆಗೆ ಅಪರಾಧವಾದುದು ಇನ್ನೊಂದು ಕಡೆಗೆ ವ್ಯಾಪಾರ! ಈ ಗೊಂದಲವನ್ನು ತೆಗೆಯಲು ೧೯೬೧ರಲ್ಲಿ ಪಾನನಿರೋಧದ ಕಾಯಿದೆ ಆಯಿತು. ಬಳಿಕ ೧೯೬೫ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಅಬಕಾರಿ ಕಾಯಿದೆ ಆಯಿತು. ೧೯೬೭ರಲ್ಲಿ ಪಾನನಿರೋಧವನ್ನೇ ತೆಗೆದುಹಾಕಲಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ತುರುವನೂರಿನ ಸತ್ಯಾಗ್ರಹದ ಅದೇ ನಿಜಲಿಂಗಪ್ಪನವರು.

ಇದನ್ನು ನಾವು ಆ ಹಿರಿಯರನ್ನು ದೂಷಿಸುವದಕ್ಕಾಗಿ ಹೇಳುತ್ತಿಲ್ಲ. ಅವರು ಸ್ವಂತಕ್ಕೆ ಲಾಭ ಮಾಡಿಕೊಂಡವರಲ್ಲ. ಅವರ ಶುದ್ಧ ಜೀವನವನ್ನು ನಾಡು ಬಲ್ಲದು. ಅಂಥವರ ಕೈಯಿಂದಲೇ ಅಂಗಡಿಯ ಬಾಗಿಲು ತೆರೆಯಿತೆಂದರೆ ಬೊಕ್ಕಸದ ಸೆಳೆತವು ಎಷ್ಟು ಪ್ರಬಲವಾದುದೆಂಬದನ್ನು ತಿಳಿಯಬೇಕು. ವ್ಯಕ್ತಿ ಒಳ್ಳೆಯವನಾದರೆ ಸಾಲದು. ಲೆಕ್ಕದ ಪುಸ್ತಕವೂ ಒಳ್ಳೆಯದಾಗಬೇಕು.

೧೯೬೭ರಿಂದ ನಾಲ್ವತ್ತು ವರ್ಷ ಸಾರಾಯಿ ಗುತ್ತಿಗೆದಾರರ ಕಾಲ. ಲಿಲಾವು ಹಿಡಿದವರು ಧನಿಕರಾದರು, ಧನಿಕರು ಚುನಾವಣೆಗಳಲ್ಲಿ ಪ್ರಬಲರಾದರು. ಕಾನೂನಿನ ಸಾರಾಯಿಯ ನೆರಳಿನಲ್ಲಿ ಕಳ್ಳಭಟ್ಟಿಯೂ ಬೆಳೆಯಿತು. ೧೯೮೧ರಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಸಾರಾಯಿಯಿಂದ ಮುನ್ನೂರಕ್ಕೂ ಹೆಚ್ಚು ಜನರು ಸತ್ತರು. ಮುಂದೆ ಗಾಜಿನ ಶೀಸೆ ಹೋಗಿ ಪ್ಲಾಸ್ಟಿಕ್ಕಿನ ಸಣ್ಣ ಪೊಟ್ಟಣ ಬಂದಿತು. ಅಂಗಡಿಗೆ ಹೋಗದಿದ್ದವನ ಬಳಿಗೆ ಈಗ ಅಂಗಡಿಯೇ ಬಂದಿತು. ಕೂಲಿಯವನ ಕಿಸೆಯಲ್ಲಿ, ಕಿರಾಣಿ ಅಂಗಡಿಯ ಗೂಡಿನಲ್ಲಿ, ಹೊಲದ ಬದುವಿನ ಮೇಲೆ ಪೊಟ್ಟಣವು ಕಾಣಿಸಿತು. ಪಾನೀಯದ ಅಳತೆ ಚಿಕ್ಕದಾದಷ್ಟೂ ಅದರ ಹಬ್ಬುಗೆ ದೊಡ್ಡದಾಗುತ್ತದೆಂಬ ವ್ಯಾಪಾರದ ಗುಟ್ಟು ಇದರಲ್ಲಿದೆ.

೨೦೦೭ರ ಜುಲೈ ೧ರಿಂದ ಸಾರಾಯಿಯನ್ನು ನಿಷೇಧಿಸಲಾಯಿತು. ಈಚಲ ಸೇಂದಿಯಂತೂ ಅದಕ್ಕಿಂತ ಮೊದಲೇ ಬಹುಪಾಲು ಜಿಲ್ಲೆಗಳಲ್ಲಿ ನಿಂತುಹೋಗಿತ್ತು. ಸಾರಾಯಿಯ ನಿಷೇಧವನ್ನು ನಾವು ಸ್ವಾಗತಿಸಬೇಕಲ್ಲವೇ? ಗುತ್ತಿಗೆದಾರರ ಹಾವಳಿ ಕಡಿಮೆಯಾದುದು ನಿಜ. ಆ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಕುಡಿಯುವವನ ಕೈಗೆ ಮುಂದೆ ಬಂದುದೇನು? ಕಾರಖಾನೆಯ ಅಗ್ಗದ ವಿಸ್ಕಿ, ರಮ್ಮು, ಬ್ರಾಂಡಿಗಳು. ಹೆಸರು ವಿಲಾಯತಿಯದು, ಮೂಲ ಬಹುಮಟ್ಟಿಗೆ ಸಕ್ಕರೆ ಕಾರಖಾನೆಯ ಕಾಕಂಬಿ. ಕಾಕಂಬಿಯಿಂದ ಇಳಿಸಿದ ಶುದ್ಧ ಮದ್ಯಸಾರಕ್ಕೆ ನೀರು, ಬಣ್ಣ, ಸುವಾಸನೆ ಬೆರೆತರೆ ಅಗ್ಗದ ವಿಸ್ಕಿಯಾಯಿತು. ಅದರ ತೀಕ್ಷ್ಣತೆಯು ನೂರಕ್ಕೆ ೪೨.೮ ಭಾಗ. ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿರಿ. ಕ್ವಾರ್ಟರು ಎಂದು ಕರೆಯುವ ೧೮೦ ಮಿಲಿಲೀಟರಿನ ಶೀಸೆಯಲ್ಲಿ ಸುಮಾರು ೭೭ ಮಿಲಿಲೀಟರು ಮದ್ಯಸಾರವಿರುತ್ತದೆ. ನೂರಕ್ಕೆ ಐದು ಭಾಗದ ಕಳ್ಳಿನಲ್ಲಿ ಅಷ್ಟು ಮದ್ಯಸಾರ ಹೊಟ್ಟೆಗೆ ಹೋಗಬೇಕಾದರೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯಬೇಕು. ಹಿಂದೆ ಒಂದು ಸಂಜೆ ಹಿಡಿಯುತ್ತಿದ್ದ ಕೆಲಸವು ಈಗ ಅಂಗಡಿಯ ಮೆಟ್ಟಿಲ ಮೇಲೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಮರ ಹತ್ತುತ್ತಿದ್ದವನ ಉದ್ಯೋಗವೂ ಹೋಯಿತು. ಕುಡಿಯುವವನ ಕೂಲಿಯ ಹೆಚ್ಚಿನ ಭಾಗವೂ ಹೋಯಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತಾಯಿತು. ಇದಲ್ಲದೆ, ೨೦೦೮ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತ ಹಾಗೂ ನೆರೆಯ ತಮಿಳು ಜಿಲ್ಲೆಯಲ್ಲಿ ಕಳ್ಳಭಟ್ಟಿಗೆ ನೂರೈವತ್ತರಷ್ಟು ಬಡವರು ಬಲಿಯಾದರು.

ಪೇಟೆಯ ಕಡೆಗೆ ನೋಡಿದರೆ ಬೇರೊಂದು ಚಿತ್ರ. ಒಂದು ಕಾಲಕ್ಕೆ ಮರ್ಯಾದಸ್ಥನು ಕುಡಿದರೆ ಕದ ಮುಚ್ಚಿ ಕುಡಿಯುತ್ತಿದ್ದನು. ೧೯೮೦ರ ದಶಕದಿಂದ ಬೆಂಗಳೂರಿನಲ್ಲಿ ಪಬ್ಬುಗಳು ಎದ್ದವು. ಈ ಶತಮಾನದ ಎರಡನೆಯ ದಶಕದಲ್ಲಿ ಗಿರಾಕಿಯ ಕಣ್ಣೆದುರಿಗೇ ಬೀರು ತಯಾರಿಸುವ ಸಣ್ಣ ಬ್ರೂವರಿಗಳು ಬಂದವು. ದ್ರಾಕ್ಷಿಯ ಬೆಳೆಗಾರರಿಗಾಗಿ ೨೦೦೭ರಲ್ಲಿ ದ್ರಾಕ್ಷಾರಸ ನೀತಿಯನ್ನೂ ಘೋಷಿಸಲಾಯಿತು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ಎಂಬ ಸಂಸ್ಥೆಯು ೨೦೦೪ರಲ್ಲಿ ಬಾರ್ಲಿಯ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿಯೇ ಮಾರಾಟಕ್ಕಿಟ್ಟು ಹೆಸರು ಪಡೆಯಿತು. ಉದ್ಯಮದ ದೃಷ್ಟಿಯಿಂದ ಇದು ಸಾಹಸವೆಂದು ಒಪ್ಪೋಣ. ಮದ್ಯದ ಜಾಹೀರಾತಿಗೆ ನಿಷೇಧವಿದ್ದರೂ ಅದೇ ಹೆಸರಿನ ಸೋಡಾ, ಅದೇ ಹೆಸರಿನ ನೀರು, ಅದೇ ಹೆಸರಿನ ಸಂಗೀತಗಳ ನೆವದಿಂದ ಹೆಸರು ಮಾತ್ರ ಮಕ್ಕಳ ಬಾಯಲ್ಲಿಯೂ ನಲಿಯುತ್ತದೆ. ಹೀಗೆ ಉಳ್ಳವರಿಗೆ ಅದು ಅಂತಸ್ತಿನ ಗುರುತಾಯಿತು. ಇಲ್ಲದವರಿಗೆ ಅದೇ ವಸ್ತುವು ದಾರಿದ್ರ್ಯದ ಮೂಲವಾಗಿಯೇ ಉಳಿಯಿತು. ೨೦೨೪ರ ಆಗಸ್ಟಿನಲ್ಲಿ ಮದ್ಯದ ಬೆಲೆಯ ಹದಿನೆಂಟು ಅಂತರಗಳನ್ನು ಹದಿನಾರಕ್ಕೆ ಇಳಿಸಿದಾಗ, ನೆರೆ ರಾಜ್ಯಗಳಿಗೆ ಗಿರಾಕಿ ಹೋಗದಿರಲೆಂದು ಮೇಲ್ದರ್ಜೆಯ ಮದ್ಯದ ಬೆಲೆಯನ್ನು ಕಡಿಮೆ ಮಾಡಲಾಯಿತು. ಗಿರಾಕಿ ತಪ್ಪಿಹೋದಾನೆಂಬ ಚಿಂತೆಯು ಅಂಗಡಿಕಾರನಿಗೆ ಸಹಜ. ಸರಕಾರಕ್ಕೂ ಅದೇ ಚಿಂತೆಯೆಂದರೆ ಸರಕಾರವು ಯಾರಾಗಿದೆಯೆಂಬದನ್ನು ನೀವೇ ಹೇಳಿರಿ.

ಸರಕಾರವು ಅಂಗಡಿಕಾರನಾಗಿದೆಯೆಂಬದು ಅಲಂಕಾರದ ಮಾತಲ್ಲ. ೨೦೦೩ರಲ್ಲಿ ಸ್ಥಾಪಿತವಾದ ರಾಜ್ಯ ಪಾನೀಯ ನಿಗಮದ ಮೂಲಕವೇ ರಾಜ್ಯದ ಸಗಟು ಮಾರಾಟವು ನಡೆಯುತ್ತ ಬಂದಿದೆ. ೨೦೨೫ರ ಮಾರ್ಚಿನಲ್ಲಿ ಮಂಡಿಸಿದ ಮುಂಗಡಪತ್ರದಲ್ಲಿ ಅಬಕಾರಿಯಿಂದ ಬರಬೇಕೆಂದು ಗೊತ್ತು ಮಾಡಿದ ಗುರಿ ೪೦,೦೦೦ ಕೋಟಿ ರೂಪಾಯಿ. ರಾಜ್ಯದ ಸ್ವಂತ ತೆರಿಗೆಗಳಲ್ಲಿ ಇದು ಸುಮಾರು ಐದರಲ್ಲಿ ಒಂದು ಪಾಲು. ಅದೇ ಪತ್ರದಲ್ಲಿ ವಿದ್ಯೆಗೆಂದು ತೆಗೆದಿಟ್ಟ ಹಣವು ೪೫,೦೦೦ ಕೋಟಿಗಿಂತ ತುಸು ಹೆಚ್ಚು. ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದನ್ನು ಬರೆದು ನೋಡಿರಿ. ೧೯೧೯ರ ಗಂಟು ಇನ್ನೂ ಬಿಚ್ಚಿಲ್ಲ. ೨೦೧೭ರಲ್ಲಿ ಸರಕು ಸೇವಾ ತೆರಿಗೆಯು ಬಂದ ಮೇಲಂತೂ ರಾಜ್ಯಗಳು ತಮ್ಮ ಇಚ್ಛೆಯಂತೆ ತೆರಿಗೆ ಹಾಕಬಹುದಾದ ವಸ್ತುಗಳು ಬೆರಳೆಣಿಕೆಯಷ್ಟೇ ಉಳಿದವು. ಮದ್ಯವು ಅವುಗಳಲ್ಲಿ ಮುಖ್ಯವಾದುದು. ಗಂಟು ಮತ್ತಷ್ಟು ಬಿಗಿಯಾಯಿತು.

ಈ ಹಣವನ್ನು ಕೊಡುವವರು ಯಾರು? ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದು ವರ್ಷಕ್ಕೆ ಮೇಲ್ಪಟ್ಟ ಗಂಡಸರಲ್ಲಿ ಕುಡಿಯುವವರು ನೂರಕ್ಕೆ ೧೬–೧೭ ಮಂದಿ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಅಂದರೆ ಆರು ಗಂಡಸರಲ್ಲಿ ಐವರು ಕುಡಿಯುವದಿಲ್ಲ. ಇಡೀ ನಾಡಿನ ಇಷ್ಟು ದೊಡ್ಡ ಭಾರವು ಉಳಿದ ಒಬ್ಬನ ಹೆಂಡತಿ ಮಕ್ಕಳ ಅನ್ನದ ಮೇಲೆ ಬೀಳುತ್ತಿದೆ. ಆ ಮನೆಯ ಮಗುವು ನಿಮ್ಮ ತರಗತಿಯಲ್ಲಿಯೇ ಕುಳಿತಿದೆ. ಅದರ ಮನೆಯನ್ನು ಬರಿದು ಮಾಡಿದ ಹಣದಿಂದ ಅದಕ್ಕೆ ಪುಸ್ತಕ ಕೊಡಿಸಿ ನಾವು ಉಪಕಾರ ಮಾಡಿದೆವೆಂದು ಹೇಳಿಕೊಳ್ಳುತ್ತಿದ್ದೇವೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಹಾಗಾದರೆ ನಾಳೆಯೇ ಸಂಪೂರ್ಣ ನಿಷೇಧವನ್ನು ಸಾರಿಬಿಡೋಣವೇ ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಭಾವಾವೇಶದಿಂದ ಉತ್ತರ ಕೊಡಬಾರದು. ಗುಜರಾತಿನಲ್ಲಿ ನಿಷೇಧವು ಆ ರಾಜ್ಯ ಹುಟ್ಟಿದ ೧೯೬೦ರಿಂದ ಇದೆ. ಆದರೂ ೨೦೦೯ರಲ್ಲಿ ಅಹಮದಾಬಾದಿನಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನರು ಸತ್ತರು. ಬಿಹಾರದಲ್ಲಿ ೨೦೧೬ರಲ್ಲಿ ನಿಷೇಧವು ಬಂದಿತು. ೨೦೨೨ರ ಡಿಸೆಂಬರಿನಲ್ಲಿ ಅಲ್ಲಿಯ ಸಾರಣ ಜಿಲ್ಲೆಯಲ್ಲಿ ವಿಷಮದ್ಯವು ಹತ್ತಾರು ಮನೆಗಳ ದೀಪವನ್ನು ಆರಿಸಿತು. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟರೆ ಕಳ್ಳನು ಒಳಗೆ ಬಾರದಿರನು. ನಿಷೇಧವು ನಮ್ಮ ಗುರಿಯಾಗಿರಲಿ, ೪೭ನೆಯ ಕಲಮು ನಮ್ಮ ಕಣ್ಣೆದುರಿಗಿರಲಿ. ಆದರೆ ಅಲ್ಲಿಗೆ ಮುಟ್ಟುವ ಮೆಟ್ಟಿಲುಗಳನ್ನು ನಾವು ಕಟ್ಟಬೇಕು. ಅಂಥ ನಾಲ್ಕು ಮೆಟ್ಟಿಲುಗಳನ್ನು ಈ ಸಭೆಯ ಮುಂದಿಡುತ್ತೇವೆ.

ಮೊದಲನೆಯದು: ಅಬಕಾರಿ ಇಲಾಖೆಗೆ ಇಷ್ಟು ಕೋಟಿ ತರಲೇಬೇಕೆಂದು ವರ್ಷ ವರ್ಷವೂ ಏರುವ ಗುರಿ ಹಾಕುವದನ್ನು ನಿಲ್ಲಿಸಬೇಕು. ಅದರ ಬದಲು ಈ ಉತ್ಪನ್ನದ ಮೇಲಿನ ಅವಲಂಬನವನ್ನು ವರ್ಷ ವರ್ಷವೂ ಇಷ್ಟಿಷ್ಟು ಇಳಿಸುವ ಗುರಿಯನ್ನು ಗೊತ್ತು ಮಾಡಬೇಕು. ೧೯೩೯ರ ಮದ್ರಾಸು ಮಂತ್ರಿಗಳು ಪರ್ಯಾಯವನ್ನು ಯೋಚಿಸಿದರು. ಇಂದಿನವರಿಗೆ ಅದು ಅಸಾಧ್ಯವೆನ್ನಲು ಕಾರಣವಿಲ್ಲ.

ಎರಡನೆಯದು: ತೆರಿಗೆಯ ಅಳತೆಗೋಲು ಮದ್ಯಸಾರವೇ ಆಗಬೇಕು. ತೀಕ್ಷ್ಣವಾದುದಕ್ಕೆ ಹೆಚ್ಚು, ಮೆದುವಾದುದಕ್ಕೆ ಕಡಿಮೆ. ನೂರೈವತ್ತು ವರ್ಷ ಮೆದುವಾದುದನ್ನು ಅಳಿಸಿ ತೀಕ್ಷ್ಣವಾದುದನ್ನು ಬೆಳೆಸಿದ ಪಾಪಕ್ಕೆ ಇದೊಂದು ಪ್ರಾಯಶ್ಚಿತ್ತ.

ಮೂರನೆಯದು: ಊರಿಗೆ ಅಂಗಡಿ ಬೇಕೋ ಬೇಡವೋ ಎಂಬದನ್ನು ಊರು ಹೇಳಬೇಕು; ಅದರಲ್ಲಿಯೂ ಹೆಂಗಸರು ಹೇಳಬೇಕು. ನೆರೆಯ ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಮತ ಹಾಕಿ ಅಂಗಡಿಯನ್ನು ಮುಚ್ಚಿಸುವ ಏರ್ಪಾಡನ್ನು ಮಾಡಿಕೊಳ್ಳಲಾಗಿದೆ. ೨೦೧೯ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು ಇನ್ನೂರು ಕಿಲೋಮೀಟರು ದೂರವನ್ನು ನಡೆದು ಬಂದರು. ತುರುವನೂರಿರುವ ಜಿಲ್ಲೆಯಿಂದಲೇ ಈ ನಡಿಗೆ ಹೊರಟಿತೆಂಬದು ಗಮನಾರ್ಹ. ಎಂಬತ್ತು ವರ್ಷಗಳ ಹಿಂದೆ ಸತ್ಯಾಗ್ರಹಿಗಳು ಕೊಡಲಿ ಹಿಡಿದಿದ್ದರು. ಈ ಸಲ ಬರಿಗೈಯಲ್ಲಿ ನಡೆದವರು ಹೆಂಗಸರು. ಅವರ ಮಾತಿಗೆ ಗ್ರಾಮಸಭೆಯಲ್ಲಿ ಕಾಯಿದೆಯ ಬಲವನ್ನು ಕೊಡುವದು ನ್ಯಾಯ.

ನಾಲ್ಕನೆಯದು: ಕುಡಿತಕ್ಕೆ ತುತ್ತಾದವನನ್ನು ರೋಗಿಯೆಂದು ತಿಳಿದು ಚಿಕಿತ್ಸೆ ಕೊಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ತಜ್ಞರಿದ್ದಾರೆ. ಆದರೆ ಬೀದರದ ಕೂಲಿಕಾರನು ಬೆಂಗಳೂರಿಗೆ ಹೋಗಲಾರನು. ಅಂಗಡಿಯು ಹೋಬಳಿಗೊಂದರಂತೆ ಮುಟ್ಟಬಲ್ಲುದಾದರೆ ಔಷಧವು ತಾಲೂಕಿಗೊಂದರಂತೆಯಾದರೂ ಮುಟ್ಟಬಾರದೇಕೆ?

ಸಜ್ಜನರೇ, ಉಪಾಧ್ಯಾಯರ ಸಂಬಳವು ಯಾವ ಹಣದಿಂದ ಬರುತ್ತದೆಂದು ಕೇಳಿದರೆ ಇದುವರೆಗೆ ನಮ್ಮ ಸಮಾಜವು ಮುಖ ತಿರುಗಿಸಿದೆ. ಆ ಪ್ರಶ್ನೆಯನ್ನು ಉಪಾಧ್ಯಾಯರೇ ಎತ್ತಿದರೆ ಅದಕ್ಕೊಂದು ತೂಕ ಬರುತ್ತದೆ. ನಮ್ಮ ಶಾಲೆಗಳು ಮಗುವಿನ ತಂದೆಯ ಕುಡಿತದಿಂದ ನಡೆಯುವದು ನಮಗೆ ಒಪ್ಪಿಗೆಯಿಲ್ಲ ಎಂದು ನೀವು ಒಂದು ನಿರ್ಣಯವನ್ನು ಮಾಡಿರಿ; ಮೇಲೆ ಹೇಳಿದ ನಾಲ್ಕು ಬೇಡಿಕೆಗಳನ್ನು ಅದರಲ್ಲಿ ಸೇರಿಸಿರಿ; ನಿಮ್ಮ ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದಿಸಿರಿ. ಧಾರವಾಡದಲ್ಲಿ ಮಡಿದ ಆ ಮೂವರು ಕೇಳಿದುದು ಕೇವಲ ಒಂದು ಅಂಗಡಿಯನ್ನು ಮುಚ್ಚಬೇಕೆಂದು. ಅವರ ಬೇಡಿಕೆಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ. ನಿರ್ಣಯವನ್ನು ಸಭೆಯ ಮುಂದಿಡಬೇಕೆಂದು ಅಧ್ಯಕ್ಷ ಮಹಾಶಯರನ್ನು ಬೇಡಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.